ಕೆಂಪು ಗೆರೆಯ ಆಚೆ

ಮಾರ್ಚ್ 3, ಬೆಳಿಗ್ಗೆ 5.40
ಮತ್ತೆ ಬ್ಯಾಟರಿ ಎಣಿಕೆ. ಆರು. ಎಲ್ಲ ಫುಲ್. ರೆಸ್ಕ್ಯೂ ಸ್ಟೇಷನ್ನಿನಲ್ಲಿ ಟ್ರೇನಿಂಗ್, ಹನ್ನೊಂದನೇ ದಿನ. ಫಸ್ಟ್ ಇಯರ್‌ನವರಿಗೆ ಡ್ರೋನ್ ಹಾರಿಸಲು ಬಿಡುವುದಿಲ್ಲ. ನನ್ನ ಪಾಲಿಗೆ ಚೆಕ್‌ಲಿಸ್ಟ್, ಮ್ಯಾಪ್. ಬ್ಯಾಟರಿ ಇನ್ನೊಮ್ಮೆ ಎಣಿಸಿದೆ. ಪೈಲಟ್ ಅಕ್ಕ ನಗುತ್ತಾರೆ — ಹಾಸ್ಟೆಲ್ ಮಕ್ಕಳಿಗೆ ಬೆಲ್ ಹೊಡೆಯದಿದ್ದರೆ ಉಸಿರಾಡಲೂ ಭಯವಂತೆ.
ಕಾಲ್ ಬಂತು. ಮರೆವಿನ ಕಾಯಿಲೆಯ ಮುದುಕರೊಬ್ಬರು ಕಾಣೆ. ಕೆರೆಯ ಕಡೆ.

11.00
ಥರ್ಮಲ್ ಕ್ಯಾಮೆರಾ. ಮೈಬಿಸಿ ಇದ್ದದ್ದೆಲ್ಲ ಬಿಳಿ. ಜೊಂಡಿನ ಹತ್ತಿರ ಹೋದಾಗ ಮ್ಯಾಪಿನಲ್ಲಿ ಕೆಂಪು ಗೆರೆ. ಏರ್‌ಪೋರ್ಟಿನ ರೆಡ್ ಝೋನ್. ಪರ್ಮಿಷನ್ ಇಲ್ಲದೆ ಒಳಗೆ ಹೋಗುವಂತಿಲ್ಲ. ಸ್ಟಾಪ್ ಅಂದೆ. ಅಕ್ಕ ಡ್ರೋನ್ ಹಿಂದಕ್ಕೆ ತಿರುಗಿಸಿದರು. ಪರ್ಮಿಷನ್ ಕೇಳಿ ಕಾದೆವು. ಉತ್ತರ ಬರುವ ಮೊದಲೇ ನಡೆದು ಹುಡುಕುತ್ತಿದ್ದವರಿಗೆ ಮುದುಕರು ಸಿಕ್ಕರು. ಜೊಂಡಿನೊಳಗೆ. ಜೀವ ಹೋಗಿತ್ತು.

ಮಾರ್ಚ್ 4
ರೂಲ್ ಅಂದರೆ ರೂಲ್, ಒಳ್ಳೇ ಕೆಲಸ ಮಾಡಿದೆ ಅಂದರು ಆಫೀಸರ್. ಊಟ ಸೇರಲಿಲ್ಲ.
ಸಂಜೆ ಟ್ಯಾಬ್ ತೆರೆದೆ. ಮ್ಯಾಪ್ ಅಪ್‌ಡೇಟ್ ಕೇಳಿತು. ಮಾಡಿದೆ. ಕೆಂಪು ಗೆರೆ ಜೊಂಡು ದಾಟಿ ದೂರ ಸರಿಯಿತು; ಜೊಂಡಿಗೆ ಪರ್ಮಿಷನ್ನೇ ಬೇಕಿರಲಿಲ್ಲ. ಗಡಿ ಬದಲಾಗಿದ್ದು ಮಾರ್ಚ್ 1ಕ್ಕೆ. ನನ್ನದು ಹಳೇ ಮ್ಯಾಪ್. ಚೆಕ್‌ಲಿಸ್ಟಿನಲ್ಲಿ ‘ಮ್ಯಾಪ್ ರಿಫ್ರೆಶ್’ ಎದುರು ನನ್ನ ಟಿಕ್. ದಿನಾ ಕಣ್ಣುಮುಚ್ಚಿ ಹಾಕುವ ಟಿಕ್...

ಮಾರ್ಚ್ 7
ಫುಟೇಜ್ ನೋಡಿದೆ. ನೋಡಬಾರದಿತ್ತು. ತಿರುಗುವ ಮುನ್ನ ಫ್ರೇಮಿನ ಅಂಚಿನಲ್ಲಿ ಬಿಳಿ ಚುಕ್ಕೆ. ಅದರಿಂದ ಸಣ್ಣ ಗೆರೆಯೊಂದು ಮೇಲೇಳುತ್ತದೆ. ಕೈ.
ಮೆಸ್ಸಿನಲ್ಲೂ ಕಣ್ಣೆದುರು ಆ ಕೈ ಏಳುತ್ತದೆ. ಕ್ಲಾಸಿನಲ್ಲಿ ಯಾರೋ ಡೌಟ್ ಕೇಳಲು ಕೈ ಎತ್ತಿದರು — ಎದ್ದು ಹೊರಗೆ ಬಂದೆ.

ಮಾರ್ಚ್ 12
ಮುದುಕರ ಮಗಳು ಬಂದಿದ್ದರು, ಎಲ್ಲರಿಗೂ ಥ್ಯಾಂಕ್ಸ್ ಹೇಳಲು. ಅಕ್ಕ ಟೀ ತರಲು ಹೋದಾಗ ನನ್ನ ಪಕ್ಕ ಕೂತರು.
“ಡ್ರೋನ್ ಸದ್ದು ಅಪ್ಪಂಗೆ ಕೇಳ್ಸಿರತ್ತಾ, ಪುಟ್ಟ? ಯಾರೋ ಬಂದ್ರು ಅಂತ ಕಾದಿರ್ತಾರಾ?”
“ಇಲ್ಲ ಆಂಟಿ. ಅಷ್ಟೊತ್ತಿಗೆ ಅವ್ರು...”
“ಸದ್ಯ,” ಅಂದರು. ನನ್ನ ತಲೆ ಸವರಿದರು.

ಮಾರ್ಚ್ 13, ಬೆಳಿಗ್ಗೆ 7.10
ಅಕ್ಕನಿಗೆ ಎಲ್ಲ ಹೇಳಿದೆ. ಫುಟೇಜ್ ಮೂರು ಸಲ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
“ಆಫೀಸರ್ ಹತ್ರ ನಾನೂ ಬರ್ತೀನಿ. ಆ ಮಗಳಿಗೆ ಮಾತ್ರ ನೀನೇ ಹೇಳ್ಬೇಕು.”
ನಾಲ್ಕು ಸಲ ಡಯಲ್ ಮಾಡಿ ಕಟ್ ಮಾಡಿದೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.
ಆಂಟಿ, ನಿನ್ನೆ ಸುಳ್ಳು ಹೇಳಿದೆ. ಅವರಿಗೆ ಸದ್ದು ಕೇಳಿಸಿತ್ತು. ಕೈ ಎತ್ತಿದ್ದರು. ಆಗ ನಾವು — ನಾವಲ್ಲ, ನಾನು