ಕುದುರೆಯ ಹಿಂಗಾಲು

ಹಮಾನೆ ಬಂದರು
೧೦ ಆಗಸ್ಟ್ ೧೯೫೮

ಪ್ರೀತಿಯ ತೋಕುಜಿಗೆ ಅಪ್ಪನ ಹಾರೈಕೆಗಳು.

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಚೋಶಿಯಲ್ಲಿ ನಮ್ಮೂರಿಗಿಂತ ಗಾಳಿ ಜೋರು, ಬೆವರಿದ ಮೈಯಲ್ಲಿ ಹೊರಗೆ ನಿಲ್ಲಬೇಡ. ಸೊಂಟ ನೋಯುತ್ತಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೂತು ಏಳು. ಸೊಂಟದ ಮಾತು ಯಾಕೆ ಬಂತು ಎಂದು ಆಮೇಲೆ ಹೇಳುತ್ತೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಯಾವ ಪತ್ರವನ್ನಾದರೂ ‘ಐ ಆಮ್ ಕ್ವೈಟ್ ವೆಲ್’ ಎಂದೇ ಶುರು ಮಾಡಿಸುತ್ತಿದ್ದರು, ಅದರ ಮುಂದಿನ ಸಾಲು ಮರೆತೇಹೋಗಿದೆ. ಅಂತೂ ನಾನು ಕ್ವೈಟ್ ವೆಲ್. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನಿನ್ನಮ್ಮ ಎತ್ತಿಟ್ಟಿದ್ದ ಸೌತೆ ಬೀಜವನ್ನು ಈ ಸಲ ನಾನೇ ಹಾಕಿದೆ. ಬಳ್ಳಿ ಬಾವಿಕಟ್ಟೆಯವರೆಗೆ ಹಬ್ಬಿದೆ. ಕಾಯೇನೋ ಬಿಟ್ಟಿವೆ, ಆದರೆ ಒಂದೂ ನೆಟ್ಟಗಿಲ್ಲ. ಪಕ್ಕದ ಮನೆಯ ಒಣಮೀನಿನ ತೋಮೆ ನೋಡಿ, “ಇದೇನ್ ಅಜ್ಜಾ, ಥೇಟ್ ನಿಮ್ಮ ಹಾಗೇ ಬಗ್ಗಿಹೋಗಿವೆ” ಎಂದಳು. ಅವಳ ಬಾಯಿಗೆ ಅಮ್ಮನೇ ಸರಿ. ಫೆಬ್ರವರಿಯಲ್ಲಿ ಅಮ್ಮ ಹೋದ ಮೇಲೆ ಅವಳಿಗೆ ಎದುರಾಡುವವರು ಬೀದಿಯಲ್ಲಿ ಯಾರೂ ಉಳಿದಿಲ್ಲ. ಆಗ ನಿಮ್ಮ ನಾಟಕ ಮಂಡಳಿ ಹೊಕ್ಕೈದೊ ಕಡೆ ಇತ್ತು, ತಂತಿ ನಿನ್ನ ಕೈ ಸೇರುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿತ್ತು.

ಹದಿಮೂರಕ್ಕೆ ಓಬೊನ್, ತೀರಿಹೋದವರ ಹಬ್ಬ. ಹೋದ ಮೇಲೆ ಮೊದಲ ಸಲ ಅವಳು ಮನೆಗೆ ಬರುವ ಸಂಜೆ. ಹಿರಿಯರು ಏರಿ ಬರಲೆಂದು ಪ್ರತಿ ವರ್ಷ ಅವಳೇ ಸೌತೆಕಾಯಿಯ ಕುದುರೆ ಮಾಡುತ್ತಿದ್ದಳು, ಸೆಣಬಿನ ಕಡ್ಡಿ ಮುರಿದು ಕಾಲು ಚುಚ್ಚುತ್ತಿದ್ದವನು ನೀನು. ಒಂದು ವರ್ಷ ನೀನು ಚುಚ್ಚಿದ ಕುದುರೆ ಮಗುಚಿ ಬಿದ್ದಾಗ, “ಅಯ್ಯೋ, ನಮ್ಮತ್ತೆ ದಾರೀಲೇ ಬೀಳ್ತಾರಲ್ಲೋ!” ಎಂದು ನಕ್ಕಿದ್ದಳು. ಈ ವರ್ಷ ಅದರ ಮೇಲೆ ಅವಳೇ ಬರಬೇಕು.

ಹೋದ ವಾರ ನಿಮ್ಮ ಮಂಡಳಿ ಊರಿಗೆ ಬಂದದ್ದು ಡೋಲಿನ ಸದ್ದು ಕೇಳಿಯೇ ನನಗೆ ತಿಳಿದದ್ದು. ಮೆರವಣಿಗೆ ನಮ್ಮ ಬೀದಿಗೂ ಬಂತು. ಬಾಗಿಲಲ್ಲಿ ನಿಂತು ಬಣ್ಣ ಹಚ್ಚಿದ ಒಂದೊಂದು ಮುಖದಲ್ಲೂ ನಿನ್ನನ್ನು ಹುಡುಕಿದೆ, ಸಿಗಲಿಲ್ಲ. ಸಾಮಂತ, ಸೇನಾಪತಿ ಎಂದು ನೀನು ಕಾಗದದಲ್ಲಿ ಬರೆದ ನಿನ್ನ ಪಾತ್ರಗಳನ್ನೆಲ್ಲ ಅಮ್ಮ ಬೀದಿಗೆಲ್ಲ ಓದಿ ಹೇಳಿದ್ದಳಲ್ಲ, ಹಾಗಾಗಿ ಮಧ್ಯಾಹ್ನದ ಆಟಕ್ಕೆ ಇಡೀ ಬೀದಿ ನನ್ನೊಡನೆ ಹೊರಟಿತು. ಅಮ್ಮ ಕೂರುತ್ತಿದ್ದ ದಿಂಬನ್ನೂ ಒಯ್ದು ಪಕ್ಕದಲ್ಲಿ ಹಾಕಿಕೊಂಡೆ. ಪರದೆ ಎದ್ದದ್ದೇ ತಡ, ಕ್ಷೌರದ ಗೀಸಾಕು ಹಿಂದಿನಿಂದ ತಿವಿಯತೊಡಗಿದ. “ಯಜಮಾನ್ರೇ, ಕತ್ತಿ ಹಿಡಿದಿರೋನು ನಿಮ್ಮ ಹುಡುಗನಾ? ಅಲ್ವಾ? ಹಾಗಾದ್ರೆ ಆ ಕುಂಟ ಸನ್ಯಾಸಿ?” ನಾನು ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಲೇ ಹೋದೆ.

ಆಮೇಲೆ ಕುದುರೆ ಬಂತು, ತೊಗಲಿನೊಳಗೆ ಇಬ್ಬರು. ಮೇಲೆ ಆ ದಪ್ಪ ಸಾಮಂತ. ಯುದ್ಧಕ್ಕೆ ಹೊರಟವನು ಅಷ್ಟು ಹೊತ್ತು ಭಾಷಣ ಮಾಡಿದರೆ ಶತ್ರು ಉಂಡು ಮಲಗಿಯೇ ಬಿಡುತ್ತಾನೆ. ಆಗ ಕುದುರೆಯ ಹಿಂಗಾಲೊಂದು ಮೆಲ್ಲಗೆ ಎದ್ದು ಇನ್ನೊಂದು ಕಾಲಿನ ಮೀನಖಂಡವನ್ನು ಉಜ್ಜಿತು. ಜನ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಾಗಲೂ, ಅಜ್ಜನ ಸಮಾಧಿಯ ಮುಂದೆ ಕೈಮುಗಿದಾಗಲೂ ನೀನು ಬಲಪಾದದಿಂದ ಎಡಗಾಲನ್ನು ಹೀಗೇ ಉಜ್ಜುತ್ತಿದ್ದೆ. “ನೆಟ್ಟಗೆ ನಿಲ್ಲೋ ತೋಕು” ಎಂದು ಅಮ್ಮ ಗದರುತ್ತಿದ್ದಳು. ನನಗೆ ಗೊತ್ತಿಲ್ಲದೆಯೇ ಪಕ್ಕದ ದಿಂಬಿನ ಕಡೆ ತಿರುಗಿದೆ.

ಗೀಸಾಕು ಮತ್ತೆ ತಿವಿದ. “ಆ ಹಿಂಗಾಲು ನನ್ನ ಮಗ” ಎಂದೆ. ಅವನಿಗೆ ನಗು ಬಂತು, ನುಂಗಿಕೊಂಡ. ತೋಮೆ ಬಿಡಲಿಲ್ಲ. “ಅಬ್ಬಬ್ಬಾ, ಆ ದಡಿಯನ್ನ ಹೊತ್ತಿರೋನು ನಮ್ಮ ತೋಕುನಾ? ಇಳಿಯೋ ಮಾರಾಯಾ, ಸಾಕು ನಿನ್ನ ಭಾಷಣ!” ಎಂದು ರಂಗಕ್ಕೇ ಕೂಗಿದಳು. ಅದು ನಿನಗೂ ಕೇಳಿಸಿರಬೇಕು.

ಆಟ ಮುಗಿದ ಮೇಲೆ ಅನ್ನದುಂಡೆಯ ಗಂಟು ಹಿಡಿದು ಹಿಂದಿನ ಬಾಗಿಲಿಗೆ ಬಂದೆ. ಬಣ್ಣ ಒರೆಸುತ್ತಿದ್ದ ಹೆಂಗಸೊಬ್ಬಳು, “ತೋಕು ಇಲ್ಲ ಸ್ವಾಮೀ, ಈಗಷ್ಟೇ ಹೊರಗೆ ಹೋದ” ಎಂದಳು. ಪಾಪ, ನಟಿಯಾಗಿಯೂ ಸುಳ್ಳು ಹೇಳಲು ಬಾರದವಳು. ಜಂತಿಗೆ ನೇತುಹಾಕಿದ್ದ ಕುದುರೆಯ ತೊಗಲಿನ ಕೆಳಗೆ ಎರಡು ಕಾಲು ಕಾಣುತ್ತಿದ್ದವು. ಒಂದು ಇನ್ನೊಂದನ್ನು ಉಜ್ಜುತ್ತಿತ್ತು. ಗಂಟನ್ನು ಅಲ್ಲೇ ಇಟ್ಟು ಬಂದುಬಿಟ್ಟೆ. ಉಪ್ಪು ಹೆಚ್ಚಾಗಿತ್ತೇನೋ, ಅಮ್ಮನ ಕೈಯ ಹದ ನನಗೆ ಬಂದಿಲ್ಲ.

ನಾಚಿಕೆಪಡಬೇಡ ಎಂದು ಬರೆಯಲು ಕೂತವನು ಎಲ್ಲೆಲ್ಲೋ ಅಲೆದೆ. ಬೀದಿಗೆಲ್ಲ ಗೊತ್ತಾಗಿದೆ, ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಗೀಸಾಕು ಗಿರಾಕಿಗಳ ಮುಂದೆ ಕಾಲು ಉಜ್ಜಿ ತೋರಿಸುತ್ತಾನೆ, ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ. ಅಮ್ಮ ಇದ್ದಿದ್ದರೆ ಮೊದಲು ನಿನ್ನನ್ನು ಬಯ್ಯುತ್ತಿದ್ದಳು, ಆಮೇಲೆ ಆ ಸಾಮಂತನನ್ನು.

ಮಂಡಳಿಯ ಎಲ್ಲರಿಗೂ, ಮುಖ್ಯವಾಗಿ ಮುಂಗಾಲಿನವನಿಗೆ, ನನ್ನ ನಮಸ್ಕಾರ ತಿಳಿಸು. ನಿನ್ನ ಬೆನ್ನು ಗಟ್ಟಿಯಾಗಿರಲಿ. ‘ಯುವರ್ಸ್ ಒಬೀಡಿಯಂಟ್‌ಲಿ’ ಎಂದು ಅಪ್ಪ ಮಗನಿಗೆ ಬರೆಯಬಹುದೋ ಇಲ್ಲವೋ ಜ್ಞಾಪಕವಿಲ್ಲ, ಅದನ್ನು ಬಿಟ್ಟಿದ್ದೇನೆ.

ನಿನ್ನ ಅಪ್ಪ,
ರೋಕುಸುಕೆ

ಮರೆತಿದ್ದೆ: ಅಂಚೆಯವನು ತೋಮೆಯ ಮನೆ ದಾಟಿ ಬರುತ್ತಿದ್ದಾನೆ. ಇದ್ದುದರಲ್ಲಿ ನೆಟ್ಟಗಿರುವ ಸೌತೆಕಾಯಿ ಆರಿಸಿ, ಮುಂಗಾಲು ಎರಡೂ ಚುಚ್ಚಿ, ಬಾಡದಿರಲೆಂದು ಬಾವಿಯ ತಂಪಿಗೆ ಇಳಿಬಿಟ್ಟಿದ್ದೇನೆ. ಹಿಂಗಾಲಿನ ಕಡ್ಡಿ ಮುರಿದು ನಿನಗೆಂದು ಎತ್ತಿಟ್ಟಿದ್ದೇನೆ, ನಾನು ಚುಚ್ಚುವುದಿಲ್ಲ. ಹದಿಮೂರರ ಸಂಜೆ ಬಾಗಿಲಲ್ಲಿ ಹಿರಿಯರಿಗೆ ದಾರಿ ತೋರುವ ಬೆಂಕಿ ಹಚ್ಚುವುದರೊಳಗೆ ಬಾ. ಅಮ್ಮ ಬಹಳ ದೂರದಿಂದ ಬರಬೇಕು.