ಏಳನೇ ಮಂಚದ ಫೋಟೊ

ಮಾರ್ಚ್ ೧೨, ಗುರುವಾರ

ಹದಿನೈದು ದಿನದಿಂದ ತಲೆ ತಿನ್ನುತ್ತಿದ್ದ ಸ್ಲೈಡುಗಳ ಕಾಟ ಇವತ್ತಿಗೆ ಮುಗಿಯಿತು.

ಹೋದ ತಿಂಗಳು ನಮ್ಮ ವಾರ್ಡಿನಲ್ಲಿ ಅಜ್ಜಿಯೊಬ್ಬರು ಮಂಚದಿಂದ ಇಳಿಯಲು ಹೋಗಿ ಬಿದ್ದು ಸೊಂಟ ಮುರಿದುಕೊಂಡರು. ರೋಗಿಗಳು ಯಾಕೆ ಹೀಗೆ ಬೀಳುತ್ತಾರೆ ಎಂದು ದೊಡ್ಡ ಡಾಕ್ಟರ ಮುಂದೆ ನಾನು ವಿವರಿಸಬೇಕಿತ್ತು. ನರ್ಸ್ ಆಗಿ ಇಪ್ಪತ್ತು ವರ್ಷವಾದರೂ ಮೈಕು ಹಿಡಿದು ಗೊತ್ತಿಲ್ಲ. ಮೂವತ್ತೊಂದು ಸ್ಲೈಡು ಮಾಡಿದ್ದೆ. ಒಂದೊಂದರಲ್ಲೂ ಇರುವೆ ಸಾಲಿನ ಹಾಗೆ ಅಕ್ಷರ. ಭಾನುವಾರ ಅತ್ತೆಯನ್ನು ಕೂರಿಸಿಕೊಂಡು ಓದಿ ಹೇಳಿದೆ. ನಾಲ್ಕನೆಯದಕ್ಕೇ ಗೊರಕೆ. ನನಗೆ ಸಿಟ್ಟು ನೆತ್ತಿಗೇರಿತು. ಎದ್ದ ಮೇಲೆ ಅವರು ಕೇಳಿದ್ದು ಒಂದೇ: “ಅಷ್ಟೆಲ್ಲ ಬರ್ದಿದ್ದೀಯಲ್ಲಮ್ಮ, ಆ ಅಜ್ಜಿ ನಿಮ್ಮನ್ನ ಯಾಕೆ ಕರೀಲಿಲ್ಲ?”

ಮಾರನೆಯ ದಿನ, ಅಜ್ಜಿಯಿದ್ದ ಏಳನೇ ಮಂಚ ಖಾಲಿಯಿತ್ತು. ನಾನೇ ಮಲಗಿ ನೋಡಿದೆ. ಬೆಲ್ ಸ್ವಿಚ್ಚು ತಲೆಯ ಹಿಂದಿನ ಗೋಡೆಯಲ್ಲಿ. ಕೈ ಎಷ್ಟು ಚಾಚಿದರೂ ಒಂದು ಗೇಣು ದೂರ. ಮಲಗಿಕೊಂಡೇ ನನ್ನ ಕೈಯನ್ನೂ ಸ್ವಿಚ್ಚನ್ನೂ ಸೇರಿಸಿ ಫೋಟೊ ತೆಗೆದೆ. ಮೂವತ್ತೊಂದನ್ನೂ ಅಳಿಸಿ ಅದೊಂದನ್ನೇ ಇಟ್ಟುಕೊಂಡೆ.

ಇವತ್ತು ಅದನ್ನು ಪರದೆಯ ತುಂಬ ಹಾಕಿ, “ಸರ್, ಅಜ್ಜಿ ಕೈ ಇಲ್ಲೀವರೆಗೇ ಬರ್ತಿತ್ತು” ಅಂದೆ. ಸಭೆಯಲ್ಲಿ ಸದಾ ಫೋನಿನಲ್ಲೇ ಮುಳುಗಿರುವ ದೊಡ್ಡ ಡಾಕ್ಟರು ತಲೆಯೆತ್ತಿ ತುಂಬ ಹೊತ್ತು ನೋಡಿದರು.

“ನಾಳೇನೇ ಎಲೆಕ್ಟ್ರಿಷಿಯನ್ನ ಕರೆಸಿ. ಎಲ್ಲಾ ಮಂಚಕ್ಕೂ ಕೈಗೆ ಸಿಗೋ ಹಾಗೆ ಮಾಡ್ಸಿ.”

ರೋಗಿಗಳು ಬೀಳುತ್ತಿದ್ದಾರೆ, ಏನಾದರೂ ಮಾಡಿ ಎಂದು ಎರಡು ವರ್ಷದಿಂದ ಕೊಟ್ಟ ಅರ್ಜಿಗಳೆಲ್ಲ ಯಾವ ಕಪಾಟಿನಲ್ಲಿ ಕೊಳೆಯುತ್ತಿವೆಯೋ.

ಮನೆಗೆ ಬಂದು ಹೇಳಿದರೆ ಅತ್ತೆ ಬಟಾಣಿ ಸುಲಿಯುತ್ತಲೇ, “ಯಾರೂ ನಿದ್ದೆ ಮಾಡ್ಲಿಲ್ಲ ತಾನೆ?” ಅಂದರು.

ಇಲ್ಲ ಅತ್ತೆ, ಒಬ್ಬರೂ ಇಲ್ಲ. ಹದಿನೈದು ದಿನದಿಂದ ನಾನೂ ಮಾಡಿಲ್ಲ. ಇನ್ನು ಕಣ್ಣು ಎಳೆಯುತ್ತಿದೆ, ಪೆನ್ನು ಕೂಡ ಕೈಯಿಂದ ಜಾರು…