ಸೇರದ ರಕ್ತ

ಪುತ್ತೂರು
17 ನವೆಂಬರ್ 2024

ಪ್ರೀತಿಯ ಮಗಳು ನಶೀದಾಳಿಗೆ,

ಅಸ್ಸಲಾಮು ಅಲೈಕುಂ. ಮಡಿಕೇರಿಯಲ್ಲಿ ಚಳಿ ಶುರುವಾಗಿರಬೇಕು. ಕಾಲೇಜಿಗೆ ಹೊರಡುವಾಗ ಸ್ವೆಟರ್ ಮರೆಯಬೇಡ.

ಉಮ್ಮ ಯಾಕೆ ಕಾಗದ ಬರೆದರು ಎಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲೇ ಹೇಳೋಣವೆಂದು ಹೊರಟೆ, ಆಗಲಿಲ್ಲ. ಅಲ್ಲಿ ನಿನ್ನ ಕೋಣೆಯಲ್ಲಿ ಬೇರೆ ಹುಡುಗಿಯರಿರುತ್ತಾರೆ, ಇಲ್ಲಿ ನಿನ್ನ ಉಪ್ಪ ಪಕ್ಕದಲ್ಲೇ ಕೂತು "ಎಂತ ಹೇಳಿದಳು?" ಎಂದು ಕೇಳುತ್ತಿರುತ್ತಾರೆ. ಮನೆಯಲ್ಲಿ ಮಾತಾಡುವುದು ಬ್ಯಾರಿಯಾದರೂ ಬರೆಯಲು ಕೂತರೆ ನನಗೆ ಬರುವುದು ಕನ್ನಡವೇ, ಅದೂ ಹತ್ತನೇ ಕ್ಲಾಸಿನ ಕನ್ನಡ. ತಪ್ಪಿದ್ದರೆ ತಿದ್ದಿಕೋ, ಹೇಗೂ ಟೀಚರ್ ಆಗುವವಳು ನೀನು.

ನಿನ್ನನ್ನು ನೋಡಿ ಹೋದ ಪೆರಾಬೆಯವರು ಯಾಕೆ ಸುಮ್ಮನಾದರು ಎಂದು ನೀನು ಕೇಳಿದಾಗ, ಅವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲವಂತೆ ಎಂದೆ. ಹಾಗೇನೂ ಇರಲಿಲ್ಲ. ಜಾಸಿರ್ ಮತ್ತು ಅವನ ತಾಯಿ ಐಸಮ್ಮ ನಿನ್ನನ್ನು ನೋಡಲು ಬಂದ ದಿನ ಎಲ್ಲವೂ ಸರಿಯಾಗಿಯೇ ಇತ್ತು. ನೀವಿಬ್ಬರೂ ಜಗಲಿಯಲ್ಲಿ ಮಾತಾಡಿ ಒಳಗೆ ಬಂದಾಗ ನಿನ್ನ ಮುಖ ನೋಡಿಯೇ ನನಗೆ ಗೊತ್ತಾಗಿತ್ತು. ಕಡಬದಲ್ಲಿ ಅವನಿಗೆ ಎಲೆಕ್ಟ್ರಿಕಲ್ ಅಂಗಡಿ ಉಂಟು, ಮೆಲ್ಲಗೆ ಮಾತಾಡುತ್ತಾನೆ, ಮದುವೆಯಾದ ಮೇಲೂ ನೀನು ಕಲಿಸಲು ಹೋಗಬಹುದು ಎಂದ. ಇನ್ನೇನು ಬೇಕು ಎಂದುಕೊಂಡೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಐಸಮ್ಮ ಕೇಳಿದರು, "ಹುಡುಗಿಯ ರಕ್ತದ ಗುಂಪು ಯಾವುದು?"

ನಾನು ಹೆಮ್ಮೆಯಿಂದಲೇ ಹೇಳಿದೆ, ಬಿ ನೆಗೆಟಿವ್, ಅಪರೂಪದ್ದಂತೆ, ಕಾಲೇಜಿನ ಕ್ಯಾಂಪಿನಲ್ಲಿ ರಕ್ತ ಕೊಟ್ಟು ಬಂದಿದ್ದಾಳೆ ಎಂದು. ಅವರ ಮುಖ ಬಿಳಿಚಿಹೋಯಿತು. ಅರ್ಧ ಹಾಕಿದ ಚಪ್ಪಲಿಯಲ್ಲೇ ಕಾರು ಹತ್ತಿದರು. ಅದೇ ವಾರ ಈ ಸಂಬಂಧ ತಂದಿದ್ದ ಇಬ್ರಾಹಿಂ ಮಾಮನ ಮೂಲಕ ಮಾತು ಬಂತು. ಹುಡುಗಿ ಚಿನ್ನದಂಥವಳು, ಆದರೆ ಹುಡುಗನದು ಪಾಸಿಟಿವ್, ರಕ್ತ ಸೇರುವುದಿಲ್ಲ, ಆದ್ದರಿಂದ ಬೇಡ.

ಆಮೇಲೆ ಮನೆಯೆಲ್ಲ ರಕ್ತದ್ದೇ ಮಾತು. ಅದೇ ಇಬ್ರಾಹಿಂ ಮಾಮ ಮೊಬೈಲಿನಲ್ಲಿ ಒಂದು ವಿಡಿಯೋ ಹಿಡಿದುಕೊಂಡು ಬಂದ. ನೆಗೆಟಿವ್‌ನವರಿಗೆ ಸಿಟ್ಟು ಜಾಸ್ತಿ, ಬಿ ಗುಂಪಿನವರು ಯಾರ ಮಾತೂ ಕೇಳುವುದಿಲ್ಲ ಎಂದು ಅದರಲ್ಲಿ ಒಬ್ಬ ಹೇಳುತ್ತಿದ್ದ. ಬಿ ಪಾಸಿಟಿವ್ ಆದ ನಿನ್ನ ಉಪ್ಪನಿಗೆ ಕೋಪ ಬಂದು, "ಅದನ್ನು ಬಂದ್ ಮಾಡು ಮಾರಾಯ" ಎಂದು ಕಿರುಚಿದರು. ವಿಡಿಯೋದಲ್ಲಿ ಹೇಳಿದ್ದು ಸುಳ್ಳೆಂದು ನಂಬಿಸುವ ಹಾಗೆ ಅವರು ನಡೆದುಕೊಳ್ಳಲಿಲ್ಲ. ಪಕ್ಕದ ಮನೆಯ ವಾಸಂತಿ ಬಂದವಳು ಬೇರೆಯೇ ಹೇಳಿದಳು: "ನಮ್ಮಲ್ಲಿ ಒಂದೇ ಗುಂಪು ಆಗಬಾರದು ಅಂತಾರೆ, ಅಣ್ಣ ತಂಗಿಯ ಹಾಗೆ ಅಂತೆ. ಇವರದ್ದು ಬೇರೆ ಬೇರೆ ಅಲ್ವಾ, ಒಳ್ಳೆದೇ ಅಲ್ವಾ?" ಒಬ್ಬರಿಗೆ ರಕ್ತ ಸೇರಬೇಕು, ಇನ್ನೊಬ್ಬರಿಗೆ ಸೇರಲೇಬಾರದು. ನೆಗೆಟಿವ್ ಎಂಬ ಶಬ್ದ ಕೇಳಿಯೇ ಕೆಲವರು ನಿನ್ನಲ್ಲಿ ಏನೋ ಕೊರತೆ ಇದೆ ಎಂದು ತೀರ್ಮಾನಿಸಿದರು.

ಉಪ್ಪ ಕೊನೆಗೆ ಹೇಳಿದ್ದು ಇಷ್ಟು: "ಬೇರೆ ಕಡೆ ನೋಡುವ. ಇನ್ನು ಯಾರು ಕೇಳಿದ್ರೂ ಗೊತ್ತಿಲ್ಲ ಅಂತ ಹೇಳು."

ಅವರು ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನಗೆ ಅದು ಸರಿಬರಲಿಲ್ಲ. ನೀನೇನು ಕದ್ದ ಮಾಲೇ, ಬಚ್ಚಿಟ್ಟು ದಾಟಿಸಲು? ಅಲ್ಲದೆ ಐಸಮ್ಮನ ಆ ಮುಖ ನನ್ನ ಕಣ್ಣಿಂದ ಹೋಗಲಿಲ್ಲ. ಅದು ಅಸಹ್ಯಪಟ್ಟವರ ಮುಖವಲ್ಲ, ಹೆದರಿದವರ ಮುಖ.

ಹಾಗಾಗಿ ಯಾರಿಗೂ ಹೇಳದೆ ಕಡಬದ ಬಸ್ಸು ಹತ್ತಿ ಪೆರಾಬೆಗೆ ಹೋದೆ. ಐಸಮ್ಮ ಹಿತ್ತಿಲಲ್ಲಿ ಬೂತಾಯಿ ಮೀನು ಕೊಯ್ಯುತ್ತಿದ್ದರು, ಸುತ್ತ ಬೆಕ್ಕುಗಳು. ನನ್ನನ್ನು ನೋಡಿ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು. ನಾನು ಜಗಳದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ರುಕಿಯಾ, ನಿನ್ನ ಮಗಳ ಮೇಲೆ ಪ್ರೀತಿ ಬಂದದ್ದಕ್ಕೇ ನಾನು ಬೇಡ ಹೇಳಿದ್ದು" ಎಂದರು. "ನನ್ನದೂ ನೆಗೆಟಿವ್."

ಜಾಸಿರ್ ಹುಟ್ಟಿದ್ದು ಮನೆಯಲ್ಲೇ, ಆಗ ತೊಂದರೆಯೇನೂ ಆಗಲಿಲ್ಲವಂತೆ. ಅವನ ನಂತರ ಒಂದು ಹೆಣ್ಣು ಆಯಿತು. ಹುಟ್ಟಿದ ದಿನವೇ ಮಗುವಿನ ಮೈ ಅರಸಿನ ಬಳಿದ ಹಾಗೆ ಹಳದಿಯಾಯಿತು, ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಅದರ ನಂತರದ ಗಂಡು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಲ್ಲಿ ಯಾರೋ, ಗಂಡ ಹೆಂಡತಿಯ ರಕ್ತ ಸೇರುವುದಿಲ್ಲ ಎಂದರಂತೆ. ಅಷ್ಟೇ. ಬಿಡಿಸಿ ಹೇಳಲಿಲ್ಲ, ಇವರಿಗೆ ಕೇಳಲು ಧೈರ್ಯವೂ ಬರಲಿಲ್ಲ. ಮನೆಯಲ್ಲಿ ಅತ್ತೆ ಅದನ್ನು ತನ್ನ ಮಾತಿಗೆ ತಿರುಗಿಸಿಕೊಂಡರು: ಇವಳ ಹೊಟ್ಟೆಯಲ್ಲಿ ವಿಷ ಉಂಟು. ಗಂಡ ರಜೆ ಮುಗಿಸಿ ಸೌದಿಯ ದಮ್ಮಾಮಿಗೆ ಕೆಲಸಕ್ಕೆ ಹೋದರು. ಈಗ ಅತ್ತೆಯೂ ಇಲ್ಲ, ಗಂಡನೂ ಇಲ್ಲ. ಆ ಮಾತೊಂದು ಮಾತ್ರ ಉಳಿದಿದೆ.

"ನನಗಾದದ್ದು ಇನ್ನೊಬ್ಬಳಿಗೆ ಆಗುದು ಬೇಡ" ಎಂದರು.

ನಾನು ಅವರ ಕೈ ಹಿಡಿದು, ಪುತ್ತೂರಿನಲ್ಲಿ ಒಬ್ಬರು ಲೇಡಿ ಡಾಕ್ಟರಿದ್ದಾರೆ, ಒಂದು ಸಲ ಕೇಳಿ ಬರೋಣ ಎಂದೆ. "ಡಾಕ್ಟರ್ ಎಂತ ಮಾಡುದು? ರಕ್ತ ಬದಲಾಯಿಸ್ತಾರಾ?" ಎಂದು ನಕ್ಕರು. ಆದರೂ ಮರುವಾರ ಬಂದರು.

ಡಾಕ್ಟರ್ ಹೇಳಿದ್ದನ್ನು ನೀನು ಸರಿಯಾಗಿ ಓದಿಕೋ, ಇದು ನಿನ್ನ ದೇಹದ ವಿಷಯ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಬೆರೆಯಬಹುದಂತೆ. ತಾಯಿಯ ಮೈ ಅದನ್ನು ಹೊರಗಿನದೆಂದು ತಿಳಿದು ಕಾದಾಡಲು ಕಲಿಯುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮುಂದಿನ ಮಕ್ಕಳಿಗೆ ಅಪಾಯ. ಮೈ ಅದನ್ನು ಕಲಿಯದ ಹಾಗೆ ಮಾಡಲು ಇಂಜೆಕ್ಷನ್ ಉಂಟು. ಬಸುರಿಯಾಗಿರುವಾಗ ಏಳನೇ ತಿಂಗಳಲ್ಲಿ ಒಂದು, ಹುಟ್ಟಿದ ಮಗು ಪಾಸಿಟಿವ್ ಆದರೆ ಮೂರು ದಿನದೊಳಗೆ ಇನ್ನೊಂದು. ಗರ್ಭಪಾತವಾದರೂ ಡಾಕ್ಟರಿಗೆ ಹೇಳಲೇಬೇಕು. ಪ್ರತಿ ಸಲವೂ ರಕ್ತಪರೀಕ್ಷೆ ಮಾಡಿಸಬೇಕು. ಇಷ್ಟು ಮಾಡಿದರೆ ಹೆದರಬೇಕಾದದ್ದು ಬಹಳ ಕಡಿಮೆ. ಸಿಟ್ಟು, ಹಟ, ಅಣ್ಣ ತಂಗಿ ಎಂಬುದೆಲ್ಲ ಬರಿಯ ಮಾತು ಎಂದರು.

ನನಗೆ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ಐಸಮ್ಮನ ಕಡೆ ತಿರುಗಿ ನಗಬೇಕೆಂದಿದ್ದೆ. ಅವರು ಡಾಕ್ಟರನ್ನೇ ನೋಡುತ್ತಾ ಕೇಳಿದರು, "ಈ ಇಂಜೆಕ್ಷನ್ ಈಗ ಬಂದದ್ದಾ?"

ಡಾಕ್ಟರ್ ನನ್ನನ್ನು ನೋಡಿದರು. ಸುಳ್ಳು ಹೇಳಬಹುದಿತ್ತು. "ಆಗಲೂ ಇತ್ತಮ್ಮಾ" ಎಂದರು, "ಎಲ್ಲ ಕಡೆ ಸಿಗುತ್ತಿರಲಿಲ್ಲ."

ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ನಡೆದು ಬಂದೆವು. ಜ್ಯೂಸಿನ ಅಂಗಡಿಯಲ್ಲಿ ಕೂರಿಸಿ ಲಿಂಬೆ ಶರಬತ್ತು ತರಿಸಿದೆ. ಅವರು ಮುಟ್ಟಲಿಲ್ಲ. "ಹಾಗಾದ್ರೆ ವಿಷ ಇರ್ಲಿಲ್ಲ" ಎಂದರು. ಇರಲೇ ಇಲ್ಲ ಎಂದೆ. ಮತ್ತೆ ಅವರು ಹೇಳಿದ್ದು ನನ್ನ ತಲೆಯಲ್ಲಿ ಇಂದಿಗೂ ಸುತ್ತುತ್ತಿದೆ, ನಶೀದಾ.

"ಇಷ್ಟು ವರ್ಷ ಹುಟ್ಟಿಸಿದವನು ಕೊಟ್ಟ, ಅವನೇ ಕರಕೊಂಡ ಅಂತ ಇದ್ದೆ. ಅದೊಂದು ಸಮಾಧಾನ ಇತ್ತು. ಈಗ ಒಂದು ಸೂಜಿ ಸಾಕಿತ್ತು ಅಂತಾಯ್ತು. ಇದನ್ನು ನಾನು ಎಲ್ಲಿ ಇಡಲಿ ರುಕಿಯಾ?"

ನನ್ನ ಮಗಳಿಗೆ ದಾರಿ ತೆರೆಯಲೆಂದು ಅವರನ್ನು ಕರೆದುಕೊಂಡು ಹೋದೆ, ಅವರ ಹಳೆಯ ಗಾಯವನ್ನೂ ತೆರೆದೆ. ಸತ್ಯ ಗೊತ್ತಾಗುವುದು ಎಲ್ಲರಿಗೂ ಒಂದೇ ರೀತಿ ಒಳ್ಳೆಯದಾಗಿರುವುದಿಲ್ಲ. ಅವರು ಇನ್ನು ನಮ್ಮ ಮನೆಯ ಕಡೆ ತಲೆ ಹಾಕುವುದಿಲ್ಲ ಎಂದೇ ತಿಳಿದೆ.

ಕಳೆದ ಭಾನುವಾರ ಬಂದರು, ಜಾಸಿರ್ ಜೊತೆ. ಮಗನಿಗೆ ಎಲ್ಲವನ್ನೂ ಹೇಳಿಯೇ ಕರೆದುಕೊಂಡು ಬಂದಿದ್ದರು. ತಂಗಿ ತಮ್ಮ ತೀರಿಹೋದದ್ದು ಅವನಿಗೆ ಗೊತ್ತಿತ್ತು, ತಾಯಿಗೆ ಯಾರು ಏನಂದರೆಂಬುದು ಗೊತ್ತಿರಲಿಲ್ಲ. ಐಸಮ್ಮ ನಿನ್ನ ಉಪ್ಪನ ಎದುರು ನೇರವಾಗಿ ಹೇಳಿದರು: "ಬೇಡ ಹೇಳಿದವಳು ನಾನೇ, ಈಗ ಕೇಳುವವಳೂ ನಾನೇ. ಹುಡುಗಿ ಒಪ್ಪಿದರೆ, ಡಾಕ್ಟರ ಹತ್ತಿರ ಹೋಗುವಾಗೆಲ್ಲ ನಾನೂ ಹೋಗುದು. ಅದನ್ನು ಯಾರಿಗೂ ಬಿಟ್ಟುಕೊಡುದಿಲ್ಲ." ನಿನ್ನ ಉಪ್ಪ ಎದ್ದು ಒಳಗೆ ಹೋಗಿ ಅವರಿಗೆ ತಾವೇ ಚಾ ತಂದಿಟ್ಟರು. ಜಾಸಿರ್ ಮಾತ್ರ, "ನಶೀದಾ ಎಂತ ಹೇಳ್ತಾಳೆ ಅಂತ ಮೊದಲು ಕೇಳಿ. ಅವಸರ ಇಲ್ಲ" ಎಂದ.

ಅದಕ್ಕೇ ಈ ಕಾಗದ. ಐಸಮ್ಮನ ದುಃಖ ನೋಡಿ ಕನಿಕರಕ್ಕೆ ಒಪ್ಪಬೇಡ. ಇಂಜೆಕ್ಷನ್ನು, ಪರೀಕ್ಷೆ ಎಂದು ಹೆದರಿ ಬಿಡಲೂ ಬೇಡ, ಜಗತ್ತಿನ ಹೆಚ್ಚಿನವರು ಪಾಸಿಟಿವ್ ತಾನೆ, ಯಾರನ್ನು ಮದುವೆಯಾದರೂ ನಿನಗೆ ಅದು ಇದ್ದದ್ದೇ. ಹುಡುಗ ಮನಸ್ಸಿಗೆ ಬಂದಿದ್ದಾನಾ, ಅಷ್ಟನ್ನು ನಿನ್ನಷ್ಟಕ್ಕೆ ಕೂತು ಕೇಳಿಕೋ. ಇಲ್ಲ ಎಂದರೆ ಪೆರಾಬೆಗೆ ಹೋಗಿ ನಾನೇ ಹೇಳಿ ಬರುತ್ತೇನೆ. ಮತ್ತೆ, ಯಾರು ಕೇಳಿದರೂ ನಿನ್ನ ರಕ್ತದ ಗುಂಪನ್ನು ಗಟ್ಟಿಯಾಗಿ ಹೇಳು.

ಉತ್ತರವನ್ನು ಫೋನಿನಲ್ಲೇ ಹೇಳು, ನಿನ್ನ ಸ್ವರ ಕೇಳಬೇಕು.

ನಿನಗಾಗಿ ದುಆ ಮಾಡುತ್ತಿರುವ
ಉಮ್ಮ, ರುಕಿಯಾ

ಮರೆತದ್ದು: ಆ ಭಾನುವಾರ ಹೊರಡುವಾಗ ಐಸಮ್ಮ ನನ್ನನ್ನು ಅಡುಗೆಮನೆಗೆ ಕರೆದು ಒಂದು ಮಾತು ಹೇಳಿದರು. ಹೆಸರಿಡುವ ಏಳನೇ ದಿನ ಬರುವ ಮೊದಲೇ ಹೋದ ಮಗುವಿಗೆ, ಹುಟ್ಟುವ ಮೊದಲೇ ಹೋದ ಮಗುವಿಗೆ ಮನೆಯವರು ಯಾರೂ ಹೆಸರಿಡಲಿಲ್ಲವಂತೆ. ಇವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾರೆ. ಹುಡುಗಿ ಝೈನಬ, ಹುಡುಗ ಸಿನಾನ್. ಗಂಡನಿಗೂ ಹೇಳಿರಲಿಲ್ಲ, ಜಾಸಿರ್‌ಗೂ ಹೇಳಿಲ್ಲ. "ನಿನ್ನ ಮಗಳಿಗೆ ಮಾತ್ರ ಹೇಳು" ಎಂದರು. "ಅವಳು ನಮ್ಮ ಮನೆಗೆ ಬಾರದಿದ್ದರೂ ಹೇಳು."